ಅತ್ತೆ ನೆಟ್ಟ ಕಡ್ಡಿ

ಇವತ್ತು ಮುಂಜಾನೆ ಫೋನಿಗೆ ಸಂದೇಶ ಬಂತು: ಹೊಳೆ ಏರುತ್ತಿದೆ, ಎಚ್ಚರ. ಅದೇ ಗಳಿಗೆಗೆ ಕಿಟಕಿಯಿಂದ ಹೊಸ ನೀರಿನ ರಾಡಿ ವಾಸನೆಯೂ ಬಂತು. ಎರಡರಲ್ಲಿ ಮೊದಲು ಯಾವುದನ್ನು ನಂಬಿದೆ ಎಂದು ನೀವು ಕೇಳಿದರೆ, ನಾನು ತಿಂದ ಹಳೆಯ ಪೆಟ್ಟೊಂದನ್ನು ಹೇಳಬೇಕಾಗುತ್ತದೆ.

ಎಂಬತ್ತರ ದಶಕದ ಕೊನೆ. ನಾನು ಅಥಣಿಯ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದುತ್ತಿದ್ದೆ. ಎರಡು ಮಾತು ನಿಜವಾದರೆ ಮೂರನೆಯದು ತಾನಾಗಿಯೇ ನಿಜವಾಗುತ್ತದೆ ಎಂದು ಕಲಿತದ್ದೇ ತಡ, ಚಹಾಕ್ಕೆ ಸಕ್ಕರೆ ಹಾಕುವುದಕ್ಕೂ ವಾದ ಹೂಡುತ್ತಿದ್ದೆ. ಮನೆಯವರು ಸಹಿಸಿಕೊಂಡದ್ದೇ ದೊಡ್ಡದು. ಆ ರಜೆಯಲ್ಲಿ ಕೃಷ್ಣೆಯ ದಂಡೆಯಲ್ಲಿದ್ದ ಸೋದರತ್ತೆಯ ಮನೆಗೆ ಹೋಗಿದ್ದೆ. ಮಾವ ದಿನಾ ಎಮ್ಮೆಗಳನ್ನು ಈಜಿಸಿಕೊಂಡು ನಡುಗಡ್ಡೆಗೆ ಮೇಯಿಸಲು ಹೋಗಿ, ಸಂಜೆ ಒಂದು ಎಮ್ಮೆಯ ಬಾಲ ಹಿಡಿದು ಮರಳುತ್ತಿದ್ದರು.

ಒಂದು ಮುಂಜಾನೆ ರೇಡಿಯೋದಲ್ಲಿ, ಕೃಷ್ಣೆ ಹುಟ್ಟುವ ಮಹಾಬಳೇಶ್ವರದ ಕಡೆ ಭಾರಿ ಮಳೆ ಎಂದರು. ಮಾವ ನನ್ನ ಕಡೆ ತಿರುಗಿದರು.

"ನೀ ಕಲ್ತಾವ ಅದಿ, ಹೇಳಪಾ. ಇವತ್ತ ಹೋಗ್ಲ್ಯೋ ಬ್ಯಾಡೋ?"

ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಎದೆ ಉಬ್ಬಿತು.

"ಅಲ್ಲಿಂದ ನೀರ ಇಲ್ಲಿಗಿ ಬರಾಕ ಎರಡ ದಿನಾ ಬೇಕು. ಅಂದಮ್ಯಾಲ ಇವತ್ತ ಬರೂದಿಲ್ಲ. ಹೋಗ್ರಿ ಮಾವ."

ಮಧ್ಯಾಹ್ನ ಅತ್ತೆಯ ಜೊತೆ ಬಟ್ಟೆ ಹೊತ್ತು ಹೊಳೆಗೆ ಹೋದೆ. ಒಗೆಯುವ ಮೊದಲು ಅವಳು ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟಳು. ಮಳೆಗಾಲದಲ್ಲಿ ಆ ದಂಡೆಯ ಹೆಂಗಸರೆಲ್ಲ ಹಾಗೇ ಮಾಡುತ್ತಿದ್ದರು. ನಾಲ್ಕು ಸೀರೆ ಹಿಂಡುವಷ್ಟರಲ್ಲಿ ಕಡ್ಡಿ ನೀರಿನೊಳಗೆ ನಿಂತಿತ್ತು. ಅತ್ತೆ ಬೊಗಸೆಯಲ್ಲಿ ನೀರೆತ್ತಿ ನೋಡಿದಳು; ಕೆಂಪಗಿತ್ತು.

"ಹೊಳಿ ಬರಾಕತ್ತೈತಿ!"

"ಸಾಧ್ಯನ ಇಲ್ಲ ಅತ್ತಿ," ಎಂದು ನಾನು ಮರಳಿನ ಮೇಲೆ ಬೆರಳಿನಿಂದ ಲೆಕ್ಕ ಬರೆದು ತೋರಿಸಲು ಕುಳಿತೆ.

"ಕಡ್ಡಿ ನೋಡಲೇ ಮೊದಲ!"

ನಾನು ಬರೆದ ಅಂಕಿಗಳನ್ನೇ ನೀರು ಅಳಿಸಿಕೊಂಡು ಹೋಯಿತು. ಆಗ ಹೆದರಿದೆ.

ಅತ್ತೆಯ ಕೂಗು ಕೇಳಿ, ನಡುಗಡ್ಡೆ ಮುಳುಗುವ ಮೊದಲೇ ದಾಟಬೇಕೆಂದು ಮಾವ ಎಮ್ಮೆಗಳನ್ನು ಹೊಳೆಗಿಳಿಸಿದರು. ನಡುನೀರಿನಲ್ಲಿ ಅವರ ತಲೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಅತ್ತೆ ನನ್ನ ಮುಂಗೈ ಬಿಗಿಯಾಗಿ ಹಿಡಿದಿದ್ದಳು. ಬಿಡಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಸೆಳೆತ ಅವರನ್ನು ಬಹಳ ಕೆಳಗೆ ಎಳೆದೊಯ್ದು ದಂಡೆಗೆ ಹಚ್ಚಿತು. ಒಂದು ಕರು ಮಾತ್ರ ಬರಲಿಲ್ಲ.

ಮಾವ ಬೈಯಲಿಲ್ಲ. ಉಸಿರು ತಿರುಗಿದ ಮೇಲೆ ಇಷ್ಟೇ ಅಂದರು: "ದೂಧಗಂಗಾ ಇಲ್ಲೇ ಮ್ಯಾಲ ಬಂದ ಕೂಡತೈತಿ, ಅದರ ನೀರಿಗಿ ಎರಡ ದಿನಾ ಯಾಕ ಬೇಕು? ನೀ ಅಷ್ಟ ಖಾತ್ರೀಲೆ ಅಂದಿ, ನಾನೂ ಮರ್ತ ಬಿಟ್ನಿ."

ನನ್ನ ತರ್ಕದಲ್ಲಿ ತಪ್ಪಿರಲಿಲ್ಲ, ಅದರಲ್ಲಿ ಒಂದು ಹೊಳೆಯೇ ಇರಲಿಲ್ಲ. ಮಾವ ತಮ್ಮ ಕಣ್ಣಾರೆ ಕಂಡದ್ದನ್ನು ನನ್ನ ಮಾತಿಗಾಗಿ ಬದಿಗಿಟ್ಟರಲ್ಲ, ಆ ನಾಚಿಕೆ ಇನ್ನೂ ಹೋಗಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಪಕ್ಕದ ಮನೆಯವನು ಎಮ್ಮೆ ಹೊಡೆದುಕೊಂಡು ಬಾಗಿಲಿಗೆ ಬಂದ. "ಮಾಸ್ತರ್ರ, ಫೋನ್‌ನ್ಯಾಗ ಏನ್ ಬಂದೈತಿ? ಇವತ್ತ ಹೋಗ್ಲ್ಯೋ ಬ್ಯಾಡೋ?"

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಚಪ್ಪಲಿ ಮೆಟ್ಟಿದೆ.

"ಏರಾಕತ್ತೈತಿ ಅಂತ ಬಂದೈತಿ. ಎಷ್ಟ ಅಂತ ನನಗ ಗೊತ್ತಿಲ್ಲಪಾ. ಎಮ್ಮಿ ಇಲ್ಲೇ ಕಟ್ಟು. ಒಂದ ಕಡ್ಡಿ ತಗೊಂಡ ಬಾ."