ನೀಲಾವತಿ ಟೀಚರ ದನಿ ಹೋದ ಮೇಲೆ

ನೀಲಾವತಿ ಟೀಚರ್ ಹಾಡಿದರೆ ಹೆದ್ದಾರಿಯವರೆಗೂ ಕೇಳುತ್ತದೆ ಅಂತ ಹಂಗಳದ ಜನ ಹೇಳುತ್ತಿದ್ದರು. ಅದು ಸ್ವಲ್ಪ ಹೆಚ್ಚಿನ ಮಾತೇ. ಆದರೆ ಅಂಗನವಾಡಿ ಪಕ್ಕದ ಟೊಮೆಟೊ ಹೊಲದಲ್ಲಿ ಕಳೆ ಕೀಳುವ ಹೆಂಗಸರಿಗೆ ಕೇಳುತ್ತಿದ್ದುದು ನಿಜ. ಅವರಲ್ಲಿ ಕೆಲವರು ಚಿಕ್ಕವರಿದ್ದಾಗ ಅದೇ ಅಂಗನವಾಡಿಯ ಚಾಪೆಯ ಮೇಲೆ ಕೂತಿದ್ದವರು. ವಾರಗಳ ಹೆಸರಿಗೆ, ಬಣ್ಣಗಳಿಗೆ, ಊಟಕ್ಕೆ ಮೊದಲು ಕೈ ತೊಳೆಯುವುದಕ್ಕೆ, ಎಲ್ಲಕ್ಕೂ ಟೀಚರು ತಾವೇ ಒಂದೊಂದು ಹಾಡು ಕಟ್ಟಿದ್ದರು. ಎಲ್ಲೂ ಬರೆದಿಟ್ಟಿರಲಿಲ್ಲ. ಹೊಸದಾಗಿ ಸೇರಿದ ಮಗು ಅಳುತ್ತಾ ಬಂದರೆ ಅದರ ಹೆಸರು ಸೇರಿಸಿ ಹಾಡುತ್ತಿದ್ದರು. ತನ್ನ ಹೆಸರು ಕೇಳಿ ಮಗು ಅಳು ನಿಲ್ಲಿಸುತ್ತಿತ್ತು.

ಐವತ್ತು ದಾಟುವ ಹೊತ್ತಿಗೆ ಆ ದನಿ ಒಡೆಯಿತು. ಧೂಳಿಗೆ ಹಿಂಗಾಗಿದೆ ಅಂದುಕೊಂಡು ಮೆಣಸಿನ ಕಷಾಯ ಕುಡಿದರು. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಮಾತ್ರ ಬಿಡಲಿಲ್ಲ. ನುಂಗುವಾಗ ನೋವು ಶುರುವಾದ ಮೇಲೆ ಗಂಡ ಶಿವಸ್ವಾಮಿ ಬಲವಂತ ಮಾಡಿ ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಅವನು ಪಂಚಾಯಿತಿಯ ನೀರುಗಂಟಿ, ಊರಿಗೆಲ್ಲ ನೀರು ಬಿಡುವವನು. ಅಲ್ಲಿಂದ ಮೈಸೂರಿಗೆ ಕಳಿಸಿದರು. ಗಂಟಲಲ್ಲಿ ಕ್ಯಾನ್ಸರ್.

"ದನಿ ಪೆಟ್ಟಿಗೆ ಪೂರ್ತಿ ತೆಗೀಬೇಕಾಗುತ್ತೆ. ಜೀವ ಉಳಿಬಹುದು, ದನಿ ಉಳಿಯಲ್ಲ" ಅಂದರು ಡಾಕ್ಟರು.

ಆಪರೇಷನ್ನಿಗೆ ಮುಂಚೆ ಶಿವಸ್ವಾಮಿ ಫೋನು ಹಿಡಿದುಕೊಂಡು ಮಂಚದ ಪಕ್ಕ ನಿಂತ. "ಒಂದ್ ಹಾಡಾದ್ರೂ ಹೇಳಮ್ಮಿ, ಫೋನಲ್ಲಿ ತುಂಬ್ಕೊತೀನಿ" ಅಂದ.

"ಬ್ಯಾಡ ಕಣಿ. ಇದು ನನ್ ದನಿ ಅಲ್ಲ" ಅಂದರು ಟೀಚರು. ಆಗ ಅವರ ಗಂಟಲಿಂದ ಬರುತ್ತಿದ್ದುದು ಒಣ ಎಲೆ ಉಜ್ಜಿದಂಥ ಸದ್ದು. ಶಿವಸ್ವಾಮಿ ಫೋನು ಜೇಬಿಗಿಟ್ಟುಕೊಂಡ.

ಕೆಲವು ತಿಂಗಳ ಮೇಲೆ ಅವರು ಕೆಲಸಕ್ಕೆ ವಾಪಸು ಬಂದರು. ಕತ್ತಿನಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಕೆಮ್ಮಿದರೆ ಬಾಯಿಂದಲ್ಲ, ಆ ಬಟ್ಟೆಯ ಹಿಂದಿನಿಂದ ಸದ್ದು ಬರುತ್ತಿತ್ತು. ಮಕ್ಕಳು ಸಹಾಯಕಿ ಮಲ್ಲಮ್ಮನ ಸೀರೆ ಹಿಂದೆ ಬಚ್ಚಿಟ್ಟುಕೊಂಡವು. ಆಸ್ಪತ್ರೆಯವರು ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರ ಕೊಡಿಸಿದ್ದರು. ಅದನ್ನು ಹಿಡಿದು ಟೀಚರು ಒಮ್ಮೆ "ಬನ್ನಿ ಮಕ್ಕಳೇ" ಅಂದರು. ಮಿಕ್ಸಿ ತಿರುಗಿದ ಹಾಗೆ ಕೇಳಿತು. ಒಂದು ಮಗು ಚಡ್ಡಿಯಲ್ಲೇ ಉಚ್ಚೆ ಹುಯ್ದುಕೊಂಡಿತು. ಆ ಯಂತ್ರವನ್ನು ಅವರು ಮತ್ತೆ ಮಕ್ಕಳ ಮುಂದೆ ತೆಗೆಯಲಿಲ್ಲ.

ಆ ವರ್ಷವೇ ಕಾಡಂಚಿನ ಒಂದು ರೆಸಾರ್ಟಿನವರು ಅಂಗನವಾಡಿಗೆ ಟಿ.ವಿ. ಕೊಟ್ಟರು, ನೆಟ್ ಹಾಕಿಸಿದರು. ಅಂಗನವಾಡಿಗಳ ಸೂಪರ್‌ವೈಸರಮ್ಮನಿಗೆ ಟೀಚರ ಮೇಲೆ ಮರುಕವಿತ್ತು. "ಇನ್ನು ನೀವು ಮಾತಾಡೋ ಕಷ್ಟನೇ ಇಲ್ಲ ಅಕ್ಕ. ಒಳ್ಳೊಳ್ಳೆ ಹಾಡು, ಪಾಠ ನೋಡಿ ಹಾಕಿದ್ರಾಯ್ತು" ಅಂದಳು.

ಒಳ್ಳೆಯದು ಯಾವುದು ಅನ್ನುವುದು ಅಷ್ಟು ಸುಲಭವಿರಲಿಲ್ಲ. ಮೊದಲ ವಾರ ಮಲ್ಲಮ್ಮ ಬೆರಳಿಗೆ ಸಿಕ್ಕಿದ್ದನ್ನೆಲ್ಲ ಹಾಕಿದಳು. ಇಂಗ್ಲಿಷಿನ ಪ್ರಾಸದ ಹಾಡುಗಳು, ಕಣ್ಣು ಕುಕ್ಕುವ ಬಣ್ಣ, ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುವ ಚಿತ್ರ. ಮಕ್ಕಳು ಬಾಯಿ ತೆರೆದುಕೊಂಡು ಅಲುಗಾಡದೆ ಕೂತವು. ತಟ್ಟೆಯ ಅನ್ನದ ಮೇಲೆ ನೊಣ ಕೂತರೂ ಓಡಿಸಲಿಲ್ಲ. ನಿಲ್ಲಿಸಿದರೆ ಕಿರುಚಿದವು. ಮಲ್ಲಮ್ಮನಿಗೆ ಅದು ಆರಾಮವಾಗಿತ್ತು. ಟೀಚರಿಗೆ ಭಯವಾಯಿತು.

ಸಂಜೆ ಅಡಿಗೆ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಫೋನು ಮುಂದಿಟ್ಟುಕೊಂಡು ಮಕ್ಕಳ ಕಾರ್ಯಕ್ರಮ ನೋಡುತ್ತಾ ಕೂರತೊಡಗಿದರು. ಶಿವಸ್ವಾಮಿ ಬೀಡಿ ಬಿಟ್ಟಿದ್ದ. ಬರಿಗೈಯಲ್ಲಿ ಕೂತು ನೋಡುತ್ತಿದ್ದ. "ಇದಾ?" ಅಂತ ಕೇಳುತ್ತಿದ್ದ. ಟೀಚರು ಅಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದರು. ಕೆಲವು ತೀರಾ ಜೋರು. ಕೆಲವಕ್ಕೆ ಕನ್ನಡ ಹಾಕಿದ್ದರೂ ನಮ್ಮ ಮಕ್ಕಳಿಗೆ ಅರ್ಥವಾಗದ ಕನ್ನಡ. ಕೆಲವುಗಳಲ್ಲಿ ಪ್ರಶ್ನೆ ಕೇಳಿ ಉತ್ತರವನ್ನೂ ಅವರೇ ಹೇಳಿಬಿಡುತ್ತಿದ್ದರು, ಮಗು ಬಾಯಿ ತೆರೆಯುವ ಮೊದಲೇ.

ಕೊನೆಗೆ ಒಂದು ಸಿಕ್ಕಿತು. ಬಟ್ಟೆಯಲ್ಲಿ ಹೊಲಿದ ಒಂದು ಅಜ್ಜಿ ಬೊಂಬೆ, ಜೊತೆಗೆ ತಾಳ ಹಾಕುವವನೊಬ್ಬ. ಅಜ್ಜಿ ನಿಧಾನಕ್ಕೆ ಹಾಡಿ, "ಇದ್ಯಾವ ಪ್ರಾಣಿ ಹೇಳಿ?" ಅಂತ ಕೇಳಿ, ಕಿವಿಗೆ ಕೈ ಕೊಟ್ಟುಕೊಂಡು ಸುಮ್ಮನಾಗುತ್ತಿದ್ದಳು. ಕಾಯುತ್ತಿದ್ದಳು. ಮಾರನೆ ದಿನ ಅದನ್ನು ಹಾಕಿದಾಗ ಮಕ್ಕಳು ಒಟ್ಟಿಗೆ ಕೂಗಿ ಉತ್ತರ ಕೊಟ್ಟವು. ಟೀಚರಿಗೆ ಸಮಾಧಾನವಾಯಿತು. ಆದರೆ ತಮಗೆ ಬರುತ್ತಿದ್ದ ಉತ್ತರ ಈಗ ಬೊಂಬೆಗೆ ಹೋಗುತ್ತಿತ್ತು.

ಉತ್ತರ ಕೊಡದವಳು ಒಬ್ಬಳೇ, ಶಿವರಂಜಿನಿ. ಮೂರು ತುಂಬಿ ಆಗಷ್ಟೇ ಸೇರಿದ್ದ ಮಗು. ಅಪ್ಪ ನಾಗೇಂದ್ರ ಕೇರಳಕ್ಕೆ ತರಕಾರಿ ಗಾಡಿ ಓಡಿಸುತ್ತಿದ್ದ. ಅಮ್ಮ ಪ್ರಿಯಾಂಕ ಚೆಂಡುಹೂವಿನ ಹೊಲದಲ್ಲಿ ಕೂಲಿ. ಟೀಚರ ಹಳೆಯ ದನಿಯನ್ನು ಈ ಮಗು ಕೇಳಿರಲೇ ಇಲ್ಲ, ಹಾಗಾಗಿ ಕತ್ತಿನ ಬಟ್ಟೆಗೆ ಹೆದರಲೂ ಇಲ್ಲ. ಟಿ.ವಿ.ಗೆ ಬೆನ್ನು ಹಾಕಿ ಬಂದು ಟೀಚರ ತೊಡೆಗೆ ಒರಗಿ ಅವರ ಮುಖವನ್ನೇ ನೋಡುತ್ತಿದ್ದಳು. ಟೀಚರು ಅಭ್ಯಾಸಬಲದಿಂದ ಬೊಂಬೆಯ ಹಾಡಿನ ಜೊತೆ ತುಟಿ ಆಡಿಸುತ್ತಿದ್ದರು. ದನಿ ಇಲ್ಲ, ತುಟಿ ಮಾತ್ರ. ಮಗುವೂ ತುಟಿ ಆಡಿಸುತ್ತಿತ್ತು. ಇಷ್ಟು ಮಕ್ಕಳಲ್ಲಿ ತನ್ನ ಹತ್ತಿರ ಬರುವುದು ಇದೊಂದೇ ಅಂತ ಟೀಚರು ಅದರ ತಲೆ ಸವರುತ್ತಿದ್ದರು.

ಹೂ ಕೊಯ್ಲಿನ ಕಾಲದಲ್ಲಿ ಒಂದು ಸಂಜೆ ಪ್ರಿಯಾಂಕ ಹೊಲದಿಂದ ನೆಟ್ಟಗೆ ಅಂಗನವಾಡಿಗೆ ಬಂದಳು. ಕೈಯೆಲ್ಲ ಹಳದಿ.

"ಟೀಚರಮ್ಮ, ನನ್ ಮಗೀಗ್ ಏನ್ ಮಾಡ್ಬುಟ್ರಿ?" ಅಂದಳು. "ಮನೇಲಿ ಅವ್ವ, ನೀರು, ಉಚ್ಚೆ ಅಂತಿದ್ಲು. ಈಗ ಏನ್ ಕೇಳುದ್ರೂ ತುಟಿ ಆಡುಸ್ತಳ, ಸದ್ದೇ ಇಲ್ಲ. ಅತ್ರೂ ಸದ್ದಿಲ್ಲ. ನೋಡಿಲ್ಲಿ!"

ಮಗುವನ್ನು ಮುಂದೆ ನಿಲ್ಲಿಸಿದಳು. ಶಿವರಂಜಿನಿ ಟೀಚರ ಮುಖ ನೋಡಿ ನಕ್ಕು ತುಟಿಯಲ್ಲೇ ಏನೋ ಹೇಳಿದಳು. ಹೇಳುವಾಗ ಒಂದು ಕೈ ಕತ್ತಿನ ಮೇಲೆ ಇಟ್ಟುಕೊಂಡಿದ್ದಳು, ಟೀಚರು ಬಟ್ಟೆ ಸರಿಮಾಡಿಕೊಳ್ಳುವ ಹಾಗೆ.

ನೀಲಾವತಿ ಟೀಚರು ಗೋಡೆಗೆ ಒರಗಿ ಕೂತುಬಿಟ್ಟರು. ಕತ್ತಿನಿಂದ ಉಸಿರು ಸೀಟಿ ಹೊಡೆಯುತ್ತಿತ್ತು. ಮಲ್ಲಮ್ಮನ ಕಡೆ ತಿರುಗಿ ತುಟಿ ಆಡಿಸಿದರು.

"ಏನಂತರ?" ಕೇಳಿದಳು ಪ್ರಿಯಾಂಕ.

"ನನ್ ನೋಡೇ ಕಲ್ತವ್ಳೆ, ತಪ್ಪು ನಂದೇ ಅಂತಾವ್ರೆ ಕಣವ್ವ" ಅಂದಳು ಮಲ್ಲಮ್ಮ.

ಪ್ರಿಯಾಂಕನ ಸಿಟ್ಟು ಅಲ್ಲಿಗೇ ಇಳಿಯಿತು. ಆದರೆ ಮಗುವನ್ನು ಬೇರೆ ಕಡೆ ಬಿಡಲು ಅವಳಿಗೆ ಜಾಗವಿರಲಿಲ್ಲ. "ನಾಳಿಂದ ಎಲ್ಲಿ ಬುಡ್ಲಿ ಇವ್ಳ?" ಅಂದಳು. ಇಲ್ಲಿಗೇ ಕಳಿಸು ಅಂತ ಟೀಚರು ಕೈಸನ್ನೆ ಮಾಡಿದರು.

ಮಾರನೆ ದಿನದಿಂದ ಅವರು ಶಿವರಂಜಿನಿಯನ್ನು ಟಿ.ವಿ. ಎದುರಿಗೇ ಕೂರಿಸಿದರು. ಪಕ್ಕದಲ್ಲಿ ಮಲ್ಲಮ್ಮ. ತಾವು ಹಿಂದೆ, ಬಾಗಿಲ ಹತ್ತಿರ, ತುಟಿ ಕಾಣದ ಹಾಗೆ ಬಾಯಿಗೆ ಸೆರಗು ಮುಚ್ಚಿಕೊಂಡು ಕೂತರು. ಮತ್ತೆ ಮತ್ತೆ ಅಜ್ಜಿ ಬೊಂಬೆಯನ್ನೇ ಹಾಕಿಸಿದರು, ಅದು ಕಾಯುತ್ತದೆ ಅನ್ನುವ ಒಂದೇ ಕಾರಣಕ್ಕೆ. ಮಗು ತಿರುತಿರುಗಿ ಹಿಂದೆ ನೋಡುತ್ತಿತ್ತು. ಎದ್ದು ಬರುತ್ತಿತ್ತು. ಬಂದಾಗಲೆಲ್ಲ ಟೀಚರು ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು. ಅದು ಅವರ ಗಲ್ಲ ಹಿಡಿದು ಎಳೆಯುತ್ತಿತ್ತು. ಮಲ್ಲಮ್ಮ ಬಂದು ಎತ್ತಿಕೊಂಡು ಹೋಗುತ್ತಿದ್ದಳು. ಮಗು ಸದ್ದಿಲ್ಲದೆ ಅಳುತ್ತಿತ್ತು, ಬಾಯಿ ಅಗಲವಾಗಿ ತೆರೆದುಕೊಂಡು.

"ನಂಗ್ ನೋಡಕ್ಕಾಗಲ್ಲ ಕಣಕ್ಕ. ಒಂದ್ ಗಳಿಗೆ ಎತ್ಕೊಳಿ" ಅಂದಳು ಮಲ್ಲಮ್ಮ ಒಂದು ದಿನ. ಟೀಚರು ಬೇಡವೆಂದು ಕೈ ಆಡಿಸಿದರು.

ಮಳೆ ಹಿಂದೆ ಸರಿದ ಮೇಲೆ, ಒಂದು ಬೆಳಿಗ್ಗೆ, ಬೊಂಬೆ ಆನೆಯ ಹಾಡು ಹಾಡಿ, ಪ್ರಶ್ನೆ ಕೇಳಿ ಕಿವಿಗೆ ಕೈ ಕೊಟ್ಟಾಗ ಬೇರೆ ಮಕ್ಕಳು ಆಟದಲ್ಲಿದ್ದವು. ಯಾರೂ ಉತ್ತರ ಕೊಡಲಿಲ್ಲ. ಆ ಮೌನದಲ್ಲಿ ಶಿವರಂಜಿನಿ "ಆನ" ಅಂದಳು. ಮಲ್ಲಮ್ಮ ಸೌಟು ಬಿಟ್ಟು ಓಡಿಬಂದಳು. "ಅಕ್ಕಾ, ಮಾತಾಡುದ್ಲು ಕಣಕ್ಕ!"

ಟೀಚರು ಎದ್ದು ಹೊರಗೆ ನಲ್ಲಿ ಹತ್ತಿರ ಹೋಗಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಾ ನಿಂತರು.

ಅಲ್ಲಿಂದ ಮಗುವಿನ ಮಾತು ಒಂದೊಂದೇ ವಾಪಸು ಬಂತು. ಪ್ರಿಯಾಂಕ ಟೀಚರ ಮನೆಗೆ ಒಂದು ಮಡಿಲು ಅವರೆಕಾಯಿ ತಂದುಕೊಟ್ಟಳು. ಆದರೆ ಶಿವರಂಜಿನಿ ಟೀಚರ ಹತ್ತಿರ ಬರುವುದು ನಿಂತೇ ಹೋಯಿತು. ಅವರು ಎದುರಿಗೆ ಬಂದರೆ ಮಲ್ಲಮ್ಮನ ಹಿಂದೆ ಸರಿಯುತ್ತಿದ್ದಳು. ಇನ್ನೇನೂ ಆಗುವುದಿಲ್ಲ ಅಂದುಕೊಂಡು ಟೀಚರು ಒಮ್ಮೆ ಸೆರಗು ತೆಗೆದು ಕೈ ಚಾಚಿದರು. ಮಗು ಬರಲಿಲ್ಲ.

ಬೇಸಗೆಗೆ ಕತ್ತಿನ ಪಕ್ಕದಲ್ಲಿ ಒಂದು ಗಂಟು ಕಾಣಿಸಿತು, ಕ್ಯಾನ್ಸರ್ ಮರಳಿತ್ತು. ಈ ಸಲ ಮೈಸೂರಿನವರು ಆಪರೇಷನ್ ಮಾತೇ ಎತ್ತಲಿಲ್ಲ, ನೋವಿಗೆ ಮಾತ್ರೆ ಬರೆದುಕೊಟ್ಟರು. ಟೀಚರ ಜಾಗಕ್ಕೆ ಬೇಗೂರಿನ ಭವ್ಯ ಬಂದಳು, ಚೂಟಿ ಹುಡುಗಿ. ಟೀಚರು ಒಂದು ದಿನ ಶಿವಸ್ವಾಮಿಯ ಬೈಕಿನಲ್ಲಿ ಬಂದು, ಯಾವುದನ್ನು ಹಾಕಬೇಕು, ಎಲ್ಲಿ ನಿಲ್ಲಿಸಬೇಕು, ನಿಲ್ಲಿಸಿ ಮಕ್ಕಳ ಮುಖ ನೋಡಬೇಕು ಅಂತ ಸನ್ನೆಯಲ್ಲೇ ತೋರಿಸಿದರು. ಭವ್ಯ ಗೌರವದಿಂದ ಎಲ್ಲಕ್ಕೂ ತಲೆಯಾಡಿಸಿದಳು. ಆದರೆ ಅವಳಿಗೆ ಮಕ್ಕಳ ಹಾಜರಿ, ತೂಕ ಎಲ್ಲ ಫೋನಿನಲ್ಲಿ ತುಂಬುವ ಕೆಲಸವೇ ಬೆಟ್ಟದಷ್ಟಿತ್ತು. ಮಕ್ಕಳು ಕಿರುಚಿ ಕೇಳಿದ್ದನ್ನು ಹಾಕತೊಡಗಿದಳು. ಟಿ.ವಿ. ಬೆಳಗಿಂದ ಸಂಜೆತನಕ ಓಡತೊಡಗಿತು.

ದೀಪಾವಳಿಗೆ ಮೊದಲೇ ನೀಲಾವತಿ ಟೀಚರು ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರ ತುಟಿ ಓದುವುದು ಶಿವಸ್ವಾಮಿಗೂ ಆಗುತ್ತಿರಲಿಲ್ಲ. ಹೂಂ ಹೂಂ ಅನ್ನುತ್ತಾ ಕೈ ಹಿಡಿದು ಕೂರುತ್ತಿದ್ದ.

ಹೆಣ ಅಂಗಳದಲ್ಲಿ ಮಲಗಿಸಿದ್ದಾಗ ಪ್ರಿಯಾಂಕ ಮಗಳನ್ನು ಸೊಂಟಕ್ಕೆ ಎತ್ತಿಕೊಂಡು ಬಂದಳು. ಜನ ಅಳುತ್ತಿದ್ದರು. ಶಿವರಂಜಿನಿ ಅಷ್ಟು ಜನರಿಗೂ ಕೇಳುವಷ್ಟು ಜೋರಾಗಿ ಕೇಳಿದಳು, "ಅವ್ವಾ, ಟೀಚರ್ ಯಾಕೆ ನನ್ ಕಂಡ್ರೆ ಮಕ ತಿರುಗುಸ್ತಿದ್ರು?"

ಪ್ರಿಯಾಂಕ ಅವಳ ತಲೆಯನ್ನು ಹೆಗಲಿಗೆ ಒತ್ತಿಕೊಂಡಳು. ಶಿವಸ್ವಾಮಿ ತಲೆ ಎತ್ತಿ ಮಗುವನ್ನು ನೋಡಿದ. ಅಷ್ಟರಲ್ಲಿ ಚಟ್ಟ ಕಟ್ಟುವವರು ಬಿದಿರು ತಂದರು. ದಾರಿ ಬಿಡಿ ಅಂದಾಗ ಪ್ರಿಯಾಂಕ ಮಗಳನ್ನು ಎತ್ತಿಕೊಂಡು ಹಿಂದಕ್ಕೆ ಸರಿದಳು.