ಮೌಶಿಯ ಎರಡು ಹೆಸರು, ನನ್ನ ಒಂದು ‘ಇಲ್ಲ’

ಮೌಶಿಯ ವೀಸಾ ಅರ್ಜಿ ತುಂಬುವ ಕೆಲಸವನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ನಾನೇ ಕಸಿದುಕೊಂಡೆ. ಅದಕ್ಕೆ ನನಗಿದ್ದ ಅರ್ಹತೆ ಇಷ್ಟು: ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ನಾಲ್ಕು ಮಂದಿಯ ಪಾಸ್‌ಪೋರ್ಟ್ ಅರ್ಜಿ ತುಂಬಿಕೊಟ್ಟಿದ್ದೆ. ಮೂವರಿಗೆ ಪಾಸ್‌ಪೋರ್ಟ್ ಬಂದಿತ್ತು. ನಾಲ್ಕನೆಯವರು ನನ್ನ ಜೊತೆ ಮಾತು ಬಿಟ್ಟಿದ್ದರು.

ಮೌಶಿ ಅಂದರೆ ನನ್ನ ಅವ್ವನ ಅಕ್ಕ. ಅವಳ ಮನೆ ಬಸವನ ಬಾಗೇವಾಡಿಯಲ್ಲಿ. ಗಂಡ, ಅಂದರೆ ನಮ್ಮ ಕಾಕಾ, ನಿವೃತ್ತ ಮಾಸ್ತರು. ಒಬ್ಬಳೇ ಮಗಳು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅಳಿಯ ಅದೇ ಊರಿನಲ್ಲಿ ಬಸ್ ಓಡಿಸುತ್ತಾನೆ. ಮಗಳಿಗೆ ಚೊಚ್ಚಲ ಹೆರಿಗೆ. ನಮ್ಮಲ್ಲಿ ಅದು ತವರಿನಲ್ಲೇ ಆಗಬೇಕು. ಆದರೆ ವಿಮಾನ ಹತ್ತಬೇಡ ಎಂದು ಅಲ್ಲಿನ ಡಾಕ್ಟರು ಅವಳಿಗೆ ಹೇಳಿದ್ದರು. ಹಾಗಾಗಿ ತವರೇ ಎದ್ದು ಅಲ್ಲಿಗೆ ಹೋಗುವುದೆಂದು ತೀರ್ಮಾನವಾಯಿತು. ತವರು ಅಂದರೆ ಮೌಶಿ. ದಿನ ತುಂಬಲು ಇನ್ನೂ ಮೂರು ತಿಂಗಳಿತ್ತು.

“ಹೆರಿಗಿ ಆಗೂ ದಿನಾ ನಾ ಅಕಿ ಬಾಜೂಕ ಇರಬೇಕು. ಅಷ್ಟು ಮಾಡಿಕೊಡು” ಎಂದಳು ಮೌಶಿ.

“ಮುಂಚಿತವಾಗೇ ಮುಟ್ಟಿಸ್ತೇನಿ” ಎಂದೆ ನಾನು.

ಅರ್ಜಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ನಾನು ಮೊಬೈಲಿನಲ್ಲಿ ನಾಲ್ಕಾರು ವೀಡಿಯೋ ನೋಡಿ, ಒಂದು ನೋಟ್‌ಬುಕ್ಕಿನಲ್ಲಿ ಕಾನೂನಿನ ಶಬ್ದಗಳನ್ನೆಲ್ಲ ಬರೆದುಕೊಂಡು, ಬಾಗೇವಾಡಿಗೆ ಹೋಗಿ ಮೌಶಿಗೆ ಪಾಠ ಶುರು ಮಾಡಿದೆ. ಮೌಶಿ ಬಾಣಂತಿ ಉಂಡೆಗೆ ಅಂಟು ಆರಿಸುತ್ತ ಕೂತಿದ್ದಳು.

“ಸ್ಪಾನ್ಸರ್ ಅಂದ್ರ ಅಲ್ಲಿ ನಿನ್ನ ಜವಾಬ್ದಾರಿ ಹೊರಾವ್ರು. ನಿನ್ನ ಸ್ಪಾನ್ಸರ್ ಅಳಿಯ.”

“ಟೀವ್ಯಾಗ ಸೀರಿಯಲ್ ಮೊದಲ ಹೇಳ್ತಾರಲ್ಲ, ಪ್ರಾಯೋಜಕರು, ಅದೇನು? ಅಳಿಯ ಯಾವಾಗ ಸಾಬಾಣದ ಕಂಪನಿ ತಗದಾ?”

ಅಲ್ಲೇ ಖುರ್ಚಿಯ ಮೇಲೆ ಪೇಪರ್ ಓದುತ್ತಿದ್ದ ಕಾಕಾ ನಗಲಿಲ್ಲ. ಅವರು ಯಾರಾದರೂ ತಪ್ಪು ಪಾಠ ಮಾಡುವಾಗ ನಗುವವರಲ್ಲ, ತಪ್ಪುಗಳನ್ನು ಎಣಿಸುವವರು.

ಮುಂದಿನ ಪಾಠ, ಊರಿನೊಂದಿಗಿನ ನಂಟು. ಹೋದವರು ಅಲ್ಲೇ ಉಳಿಯುವುದಿಲ್ಲ, ಮರಳಿ ಬರಲು ಇಲ್ಲಿ ಅವರಿಗೆ ಗಟ್ಟಿ ಕಾರಣಗಳಿವೆ ಎಂದು ತೋರಿಸಬೇಕು. ಮನೆಯ ಒಡೆತನದ ಉತಾರ, ಕಾಕಾನ ಪಿಂಚಣಿ ಕಾಗದ ಸಾಕಾಗುತ್ತಿದ್ದವು. ನನಗೆ ಸಾಲಲಿಲ್ಲ. ತುಳಸಿಕಟ್ಟೆಯ ಫೋಟೋ ಸೇರಿಸಿದೆ. ಕಾಕಾಗೆ ಚಹಾ ಮಾಡಲು ಸಹ ಬರುವುದಿಲ್ಲ, ಹೆಂಡತಿ ಮರಳದಿದ್ದರೆ ಅವರ ಗತಿ ಕಷ್ಟ ಎಂದು ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಅವರ ಮುಂದಿಟ್ಟೆ. ಕಾಕಾ ಅದರಲ್ಲಿ ಎರಡು ಕಾಗುಣಿತದ ತಪ್ಪು ತಿದ್ದಿ ಸಹಿ ಮಾಡಿದರು. ಸಂಗತಿಯನ್ನು ಮಾತ್ರ ತಿದ್ದಲಿಲ್ಲ.

ಆಮೇಲೆ ಆ ಪ್ರಶ್ನೆ ಬಂತು. ಅರ್ಜಿದಾರರಿಗೆ ಈಗಾಗಲೀ ಹಿಂದೆಯಾಗಲೀ ಬೇರೆ ಹೆಸರು ಇತ್ತೇ? ಹೌದು ಅಥವಾ ಇಲ್ಲ.

ನನಗೆ ಎರಡು ಹೆಸರಿನ ಮನುಷ್ಯರು ಗೊತ್ತಿದ್ದದ್ದು ಪೇಪರಿನ ಅಪರಾಧ ಸುದ್ದಿಯಲ್ಲಿ ಮಾತ್ರ. ಇಂಥವನು ಅಲಿಯಾಸ್ ಇಂಥವನು, ಬೈಕ್ ಕಳವು ಪ್ರಕರಣದಲ್ಲಿ ಬಂಧನ. ಇದು ಕಳ್ಳರನ್ನು ಹಿಡಿಯಲು ಇಟ್ಟ ಪ್ರಶ್ನೆ, ಮೌಶಿಯಂಥವಳಿಗೆ ಕೇಳಿದರೆ ಅವಮಾನ ಎಂದು ನಾನೇ ತೀರ್ಪು ಕೊಟ್ಟೆ. ಮೌಶಿ ನನ್ನಿಂದ ಎರಡು ಮೊಳ ದೂರದಲ್ಲಿದ್ದಳು. ಕೇಳಲಿಲ್ಲ. ‘ಇಲ್ಲ’ ಒತ್ತಿ ಮುಂದೆ ಹೋದೆ.

ಬೆಂಗಳೂರಿಗೆ ಹೋಗಿ ಮೌಶಿಯ ಬೆರಳಚ್ಚು ಕೊಡಿಸಿಕೊಂಡು ಬಂದೆವು. ಮೂರು ವಾರದ ನಂತರ ಪಾಸ್‌ಪೋರ್ಟ್ ಮರಳಿ ಬಂತು. ಒಳಗೆ ವೀಸಾ ಇರಲಿಲ್ಲ. ಜೊತೆಗೆ ಎರಡು ಪುಟದ ಪತ್ರವಿತ್ತು.

ಪತ್ರವನ್ನು ಓದಿದವರು ಕಾಕಾ. ನಿಧಾನವಾಗಿ, ಅಲ್ಪವಿರಾಮ ಬಂದಲ್ಲಿ ನಿಂತು ಓದಿದರು. ಅರ್ಜಿದಾರರ ಪಾಸ್‌ಪೋರ್ಟಿನಲ್ಲಿ ಇರುವುದು ಒಂದು ಹೆಸರು. ಯಾರ ಹೆರಿಗೆಗೆ ಹೊರಟಿದ್ದಾರೋ ಆ ಮಗಳ ಜನನ ಪ್ರಮಾಣಪತ್ರದಲ್ಲಿ ತಾಯಿ ಎಂದು ಇರುವುದು ಇನ್ನೊಂದು ಹೆಸರು. ತನಗೆ ಬೇರೆ ಹೆಸರು ಇಲ್ಲವೆಂದು ಅರ್ಜಿದಾರರೇ ತಿಳಿಸಿದ್ದಾರೆ. ಆದ್ದರಿಂದ ಸಂಬಂಧದ ಬಗ್ಗೆ ಅಧಿಕಾರಿಗೆ ಮನವರಿಕೆ ಆಗಿಲ್ಲ.

“ಹಂಗಂದ್ರ ನಾ ಅಕಿ ತಾಯಿ ಅಲ್ಲಂತೇನು?” ಮೌಶಿ ಕೇಳಿದಳು.

“ಅಲ್ಲ ಅಂತ ಬರದಿಲ್ಲ” ಎಂದರು ಕಾಕಾ. “ಮನವರಿಕಿ ಆಗಿಲ್ಲ ಅಂತ ಬರದಾರ. ಎರಡಕ್ಕೂ ಫರಕ ಅದ.”

“ನನಗ ಎರಡೂ ಒಂದ.”

ನಾನು ಜನನ ಪ್ರಮಾಣಪತ್ರವನ್ನು ಮೊದಲ ಸಲ ಕಣ್ಣುಬಿಟ್ಟು ನೋಡಿದೆ. ನಾನೇ ಸ್ಕ್ಯಾನ್ ಮಾಡಿ ಹಾಕಿದ್ದ ಕಾಗದ. ಪಾಸ್‌ಪೋರ್ಟಿನಲ್ಲಿ ದೇವಿಯ ಹೆಸರು, ಇದರಲ್ಲಿ ನದಿಯ ಹೆಸರು.

“ಈ ನದಿ ಯಾರು?” ಎಂದೆ.

ಗಂಡ ಹೆಂಡತಿ ಇಬ್ಬರೂ ನನ್ನನ್ನು ನೋಡಿದರು.

ಮದುವೆಯಾದ ದಿನ ನಮ್ಮಲ್ಲಿ ಹುಡುಗಿಯ ಹೆಸರು ಬದಲಿಸುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರವಿ, ವರ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಹತ್ತು ಮದುವೆಯಲ್ಲಿ ನಾನೇ ನಿಂತು ನೋಡಿದ್ದೇನೆ, ಫೋಟೋ ಸಹ ತೆಗೆದಿದ್ದೇನೆ. ಮೌಶಿಗೂ ಹಾಗೇ ಒಂದು ಹಳೆಯ ಹೆಸರು ಇದ್ದೀತು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ನನ್ನ ಅವ್ವ ಅವಳನ್ನು ‘ಅಕ್ಕಾ’ ಅನ್ನುತ್ತಿದ್ದಳು, ನಾನು ‘ಮೌಶಿ’. ಹೆಸರು ಬೇಕಾಗಿಯೇ ಇರಲಿಲ್ಲ.

ಮಗಳು ಹುಟ್ಟಿದ್ದು ಇಂಡಿ ಊರಿನಲ್ಲಿ, ಮೌಶಿಯ ತವರಿನಲ್ಲಿ. ಜನನ ನೋಂದಣಿಗೆ ಹೋದವರು ನಮ್ಮ ಅಜ್ಜ. ಅವರ ಅಳಿಯ, ಅಂದರೆ ಕಾಕಾ, ಅಕ್ಕಿಯ ಮೇಲೆ ಏನೇ ಬರೆದಿರಲಿ, ಅಜ್ಜನಿಗೆ ತನ್ನ ಮಗಳು ನದಿಯೇ. ಹಾಗೇ ಬರೆಸಿ ಬಂದರು. ಅಂದಿನಿಂದ ಎರಡೂ ಹೆಸರು ಬೇರೆ ಬೇರೆ ಕಾಗದಗಳಲ್ಲಿ ಸುಖವಾಗಿದ್ದವು. ಎರಡನ್ನೂ ಎದುರುಬದುರು ಕೂರಿಸಿ, ಇವರಿಗೆ ಒಬ್ಬರಿಗೊಬ್ಬರು ಪರಿಚಯವಿಲ್ಲ ಎಂದು ಬರೆದುಕೊಟ್ಟವನು ನಾನು.

“ನನ್ನ ಒಂದ ಮಾತು ಕೇಳಿದ್ರ ಹೇಳ್ತಿದ್ದೆ” ಎಂದಳು ಮೌಶಿ. ಅದರ ನಂತರ ಬೈಯಲಿಲ್ಲ. ಬೈದಿದ್ದರೆ ನಾನು ಏನಾದರೂ ನಗೆಚಟಾಕಿ ಹಾರಿಸಿ ಪಾರಾಗುತ್ತಿದ್ದೆ.

ಮರುದಿನ ಕಾಕಾ ನಮ್ಮನ್ನು ಬಾಗೇವಾಡಿ ಕೋರ್ಟಿನ ಹತ್ತಿರ ಒಬ್ಬ ವಕೀಲರ ಬಳಿ ಕರೆದೊಯ್ದರು. ಊರಿನ ಹಳೆಯ ಮುಸ್ಲಿಂ ಮನೆತನದವರು, ನೋಟರಿ, ಕಾಕಾನ ಕೈಯಲ್ಲಿ ಕಲಿತವರು. ಅರ್ಜಿಯನ್ನು ತಿರುವಿ ತಿರುವಿ ಓದಿ, ಕನ್ನಡಕದ ಮೇಲಿಂದ ನೋಡಿದರು.

“ಇಲ್ಲ ಅಂತ ಯಾರು ಒತ್ತಿದ್ರಿ?”

“ನಾನ್ರಿ.”

“ಚಹಾದ ಪುಟಾ ಬರದವ್ರೂ ನೀವೇನು?”

“ಹೌದ್ರಿ.”

“ಅದು ಛಲೋ ಐತಿ. ಅದನ್ನೊಂದು ನಂಬಿರಬೇಕು ಅವರು.”

ನಾನು ಮೇಲ್ಮನವಿ ಎಂದೆ. ನೋಟ್‌ಬುಕ್ಕಿನಲ್ಲಿ ಆ ಶಬ್ದವೂ ಇತ್ತು.

“ಈ ಥರದ ವೀಸಾಕ್ಕ ಮೇಲ್ಮನವಿ ಇಲ್ಲ ಅಂತ ಪತ್ರದಾಗ ಬರದಾರ ನೋಡ್ರಿ. ಹೊಸ ಅರ್ಜಿ ಹಾಕೂದು. ಮತ್ತ ಒಂದು ಮಾತು ತಿಳಕೋರಿ, ತಪ್ಪಿ ಬಿಟ್ಟದ್ದು ಬ್ಯಾರೆ, ಮುಚ್ಚಿಟ್ಟದ್ದು ಬ್ಯಾರೆ. ಇಲ್ಲೀತನಕ ಅವರು ಮುಚ್ಚಿಟ್ರಿ ಅಂದಿಲ್ಲ. ಅಂದಿದ್ರ ಅವ್ವಾರಿಗೆ ಹಲವು ವರ್ಷ ಬಾಗಲಾ ಬಂದಾಗ್ತಿತ್ತು.”

ಬೇಕಾದದ್ದು ಅಫಿಡವಿಟ್ ಎಂದರು. ಎರಡೂ ಹೆಸರು ಒಬ್ಬಳೇ ವ್ಯಕ್ತಿಯದು ಎಂದು ಪ್ರಮಾಣ ಮಾಡಿ ಬರೆದುಕೊಡುವ ಕಾಗದ. “ಆಣಿ ಮಾಡಿದಂಗ ಇದು. ಸುಳ್ಳಾದ್ರ ಕೇಸು ಆಗೂದು ಅವ್ವಾರ ಮ್ಯಾಲೆ, ಈ ಸಾಹೇಬ್ರ ಮ್ಯಾಲೆ ಅಲ್ಲ” ಎಂದು ನನ್ನ ಕಡೆ ಪೆನ್ನು ತೋರಿಸಿದರು. “ಮತ್ತ ಬರೇ ಆಣಿ ಸಾಲಂಗಿಲ್ಲ. ಹಳೇ ಕಾಗದ ತರ್ರಿ.”

ಮೌಶಿಯ ಶಾಲೆ ಬಿಟ್ಟ ಪ್ರಮಾಣಪತ್ರ ತರಲು ನಾನು ಇಂಡಿಗೆ ಹೋದೆ. ಶಾಲೆಯ ಗುಮಾಸ್ತರು ಹಳೆಯ ರಜಿಸ್ಟರುಗಳನ್ನು ಇಳಿಸಿ ಮಧ್ಯಾಹ್ನದವರೆಗೆ ಹುಡುಕಿದರು. ಹೆಸರು ಸಿಗಲಿಲ್ಲ. ಬಸ್ಸಿನಲ್ಲಿ ಮರಳುವಾಗ, ಸಿಂದಗಿ ದಾಟಿದ ಮೇಲೆ, ನಾನು ಅವರಿಗೆ ಹೇಳಿದ್ದು ದೇವಿಯ ಹೆಸರು ಎಂದು ನೆನಪಾಯಿತು. ಮರುದಿನ ಮತ್ತೆ ಹೋದೆ. ನದಿ ಹತ್ತು ನಿಮಿಷದಲ್ಲಿ ಸಿಕ್ಕಳು. ಮದುವೆಯ ಕರೆಯೋಲೆ ಕಾಕಾನ ಟ್ರಂಕಿನಲ್ಲಿ, ಹಳೆಯ ಪಂಚಾಂಗದೊಳಗಿತ್ತು. ಅದರಲ್ಲಿ ಕಾಕಾನ ಪಕ್ಕ ನದಿಯ ಹೆಸರು ಅಚ್ಚಾಗಿತ್ತು.

ಅಫಿಡವಿಟ್ಟಿನಲ್ಲಿ ಎರಡೂ ಹೆಸರಿನ ಸಹಿ ಬೇಕೆಂದು ವಕೀಲರು ಹೇಳಿದ್ದರು. ಮೌಶಿ ನದಿಯ ಹೆಸರನ್ನು ಮದುವೆಯ ನಂತರ ಬರೆದೇ ಇರಲಿಲ್ಲ. ಪೇಪರಿನ ಅಂಚಿನಲ್ಲಿ ಏಳೆಂಟು ಸಲ ಬರೆದು ನೋಡಿದಳು. ಕಾಕಾ ಇಣುಕಿದರು.

“ಛಲೋ ಹೆಸರಿತ್ತಲ್ಲ. ನಾ ಯಾಕ ಬದಲ ಮಾಡಿದೆ?”

“ನಿಮ್ಮವ್ವ ಹೇಳಿದ್ರು, ನೀವು ಬರದ್ರಿ. ನನ್ನ ಯಾರು ಕೇಳಿದ್ರು ಆವಾಗ?” ಎಂದಳು ಮೌಶಿ, ಬರೆಯುವುದನ್ನು ನಿಲ್ಲಿಸದೆ.

ನಾನು ಗೋಡೆ ನೋಡಿದೆ.

ಎರಡನೆಯ ಅರ್ಜಿ ತುಂಬುವಾಗ ನಾನು ಬಹಳ ಪ್ರಾಮಾಣಿಕನಾಗಿದ್ದೆ. ಬೇರೆ ಹೆಸರುಗಳ ಜಾಗದಲ್ಲಿ ನದಿಯ ಹೆಸರು, ತೊಟ್ಟಿಲ ಹೆಸರು, ಓಣಿಯವರು ಕರೆಯುವ ‘ಮಾಸ್ತರ ಮನಿಯವ್ರು’, ಕೊನೆಗೆ ‘ಮೌಶಿ’ ಎಂದೂ ಬರೆದೆ. ಕಾಕಾ ಮೊದಲನೆಯದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿದರು. ಕಾಗದದಲ್ಲಿ ಇದ್ದ ಹೆಸರು ಮಾತ್ರ ಹೆಸರು ಎಂದರು.

ಮುಂದೆ ಇನ್ನೊಂದು ಪ್ರಶ್ನೆ. ಈ ಹಿಂದೆ ನಿಮಗೆ ವೀಸಾ ನಿರಾಕರಣೆ ಆಗಿದೆಯೇ? ‘ಹೌದು’ ಅಂದರೆ ಮತ್ತೆ ಅನುಮಾನ ಬಂದೀತು ಎಂದು ನನ್ನ ಬೆರಳು ಸುಮ್ಮನೆ ಇನ್ನೊಂದು ಕಡೆ ಹೊರಟಿತು. ಆದರೆ ಈ ಸಲ ಪ್ರಶ್ನೆಯನ್ನು ಮೌಶಿಗೆ ಗಟ್ಟಿಯಾಗಿ ಓದಿ ಹೇಳಿದೆ.

“ಆಗ್ಯದಲ್ಲ?” ಎಂದಳು.

“ಆಗ್ಯದ.”

“ಮತ್ತ ಹೌದು ಒತ್ತು. ಯಾಕ ಆತು ಅಂತನೂ ಬರಿ. ತಂಗಿ ಮಗ ನನ್ನ ಕೇಳದ ಒತ್ತ್ಯಾನ ಅಂತ ಬರಿ.”

ಅದನ್ನು ನಾನೇ ಇಂಗ್ಲಿಷಿಗೆ ತಿರುಗಿಸಿದೆ. ಹೀಗೆ ಒಂದು ಪರದೇಶದ ಸರಕಾರಿ ಕಡತದಲ್ಲಿ ನನ್ನ ಬಗ್ಗೆ ಒಂದು ನಿಜ ವಾಕ್ಯ ಸೇರಿತು.

ಮತ್ತೆ ಬೆಂಗಳೂರು, ಮತ್ತೆ ಬೆರಳಚ್ಚು, ಮತ್ತೆ ಕಾಯುವುದು. ಉಂಡೆಗಳು ಡಬ್ಬಿಯಲ್ಲಿದ್ದವು. ಚೀಲ ಕಟ್ಟಿತ್ತು. ಒಂದು ಬೆಳಿಗ್ಗೆ ಅಳಿಯನ ಫೋನ್ ಬಂತು. ದಿನ ತುಂಬುವ ಮೊದಲೇ ನೋವು ಬಂದು ಹೆಣ್ಣು ಕೂಸು ಹುಟ್ಟಿತ್ತು. ಮೌಶಿ ಬಾಗೇವಾಡಿಯ ಅಡುಗೆಮನೆಯಲ್ಲಿ ನಿಂತು, ಯಾರು ಹತ್ತಿರ ಇದ್ದರು ಎಂದು ಎರಡು ಸಲ ಕೇಳಿದಳು. ನರ್ಸುಗಳೆಲ್ಲ ಗುರುತಿನವರೇ ಇದ್ದರು ಎಂದು ಅಳಿಯ ಹೇಳಿದ. ಮೌಶಿ “ಛಲೋ ಆತು” ಎಂದು ಫೋನನ್ನು ಕಾಕಾಗೆ ಕೊಟ್ಟು, ಒಲೆಯ ಮೇಲಿನ ಹಾಲು ಇಳಿಸಿದಳು.

ಐದು ದಿನಕ್ಕೆ ವೀಸಾ ಬಂತು. ಕೂಸಿಗೆ ಹನ್ನೊಂದು ದಿನವಾದಾಗ ಮೌಶಿ ಅಲ್ಲಿ ಮುಟ್ಟಿದಳು.

ಮರುದಿನ ನಾನು ಮೌಶಿಯ ಮಗಳಿಗೆ ಫೋನ್ ಮಾಡಿದೆ. ಕ್ಷಮೆ ಕೇಳಬೇಕಿತ್ತು. ಅದಕ್ಕೆ ಮೊದಲು ಹೇಳಲು ಎರಡು ಜೋಕು ತಯಾರಿಟ್ಟುಕೊಂಡಿದ್ದೆ.

“ಜೋಕು ಆಮ್ಯಾಲೆ ಹೇಳು” ಎಂದಳು. “ಅವತ್ತು ನನ್ನ ಒಳಗ ಒಯ್ಯೂವಾಗ, ಅವ್ವ ಯಾಕ ಇಲ್ಲ ಅಂತ ಅನಸ್ತು ನೋಡು. ಅಷ್ಟ ಹೇಳೂದಿತ್ತು ನಿನಗ.”

“ಹೂಂ” ಎಂದೆ.

“ಈಗ ಇಡ್ತೇನಿ. ಅವ್ವ ನೀರು ಕಾಸ್ಯಾಳ, ಎರೀಲಿಕ್ಕೆ ಕರೀಲಿಕತ್ತಾಳ.”