ಭಟ್ಟಿಯ ವರದಿಗೆ ಹಾಕದ ಸಹಿ

ಇದನ್ನು ಹೇಳಲು ಇಷ್ಟು ವರ್ಷ ಹಿಂಜರಿದೆ. ಭೂಕಂಪದಲ್ಲಿ ಬಿದ್ದ ಊರುಗಳನ್ನು ಮತ್ತೆ ಕಟ್ಟುತ್ತಿದ್ದ ಕಾಲದಲ್ಲಿ ಉಮರ್ಗಾ ಬಳಿ ಇಟ್ಟಂಗಿ ಭಟ್ಟಿ ಹಾಕಿದ್ದೆ. ತಂಗಿಯ ಮಗಳು ಉದಗೀರದಲ್ಲಿ ಪರಿಸರ, ವ್ಯಾಪಾರ ಎರಡೂ ಸೇರಿದ ಪದವಿ ಓದುತ್ತಿದ್ದಳು. ಪದವಿ ಸಿಗಬೇಕಾದರೆ ಒಂದು ಉದ್ಯಮದಲ್ಲಿ ಮೂರು ತಿಂಗಳಿದ್ದು, ಮಾಲೀಕನ ಸಹಿಯೊಂದಿಗೆ ವರದಿ ಒಪ್ಪಿಸಬೇಕಿತ್ತು. ನನ್ನ ಭಟ್ಟಿಗೇ ಬಂದಳು. ಇಟ್ಟಂಗಿಗೆಂದು ನಾವು ಮೇಲ್ಮಣ್ಣು ತೆಗೆದು ತಗ್ಗಾದ ಹೊಲಗಳಲ್ಲಿ ತೊಗರಿ ಮೊಳಕಾಲೆತ್ತರವೂ ಬರುತ್ತಿಲ್ಲ ಎಂದು ಬರೆದಳು.

“ಆ ಹಾಳಿ ಹರದು ತಾ, ಸಹಿ ಹಾಕ್ತೀನಿ,” ಎಂದೆ.

“ಹಾಳಿ ಹರದ್ರ ಹೊಲದಾನ ತಗ್ಗು ತುಂಬ್ತದೇನ್ರಿ ಮಾಮಾ?”

ನಾನು ಸಹಿ ಹಾಕಲಿಲ್ಲ. ಆಕೆಗೆ ಪದವಿ ಸಿಗಲಿಲ್ಲ.

ಭಟ್ಟಿ ಮುಚ್ಚಿ ಬಹಳ ಕಾಲವಾಯಿತು. ಆ ತಗ್ಗುಗಳಲ್ಲಿ ಈಗಲೂ ನೀರು ನಿಲ್ಲುತ್ತದೆ. ಹಬ್ಬಕ್ಕೆ ಬಂದವಳು ಇಂದಿಗೂ ನನ್ನ ಕಾಲಿಗೆ ಬೀಳುತ್ತಾಳೆ. ನಾನು ತಲೆ ಮುಟ್ಟಿ ಹರಸುತ್ತೇನೆ. ತಪ್ಪಾಯಿತು ಎಂದು ನಾನು ಹೇಳದೇ ಉಳಿದದ್ದು ಅವಳಿಗೆ, ನನ್ನ ತಂಗಿಯ ಮಗಳಿಗೆ.